ಚೀಟಿಯಲ್ಲಿ ಎಸ್‌ಓಎಸ್ ಅಂತ ಇದ್ದರೆ ಗಾಬರಿ ಬೇಡ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇರುವುದು ದವಾಖಾನೆ ಚೀಟಿಯ ಬಗ್ಗೆಯೇ. ಅಕ್ಷರ ಓದಲು ಬರುತ್ತದೆ, ಅರ್ಥ ಮಾತ್ರ ಆಗುವುದಿಲ್ಲ ಅನ್ನುವುದು ಎಲ್ಲರ ತಕರಾರು. ವಿಜಯಪುರದಲ್ಲಿ 22 ವರ್ಷದಿಂದ ಔಷಧ ಅಂಗಡಿ ನೋಡಿಕೊಂಡಿದ್ದೇನೆ, ದಿನಾ ಇದೇ ಪ್ರಶ್ನೆ ಬರುತ್ತದೆ. ನಾಲ್ಕು ಪತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಅವ್ವನಿಗೆ ಮೊಣಕಾಲು ನೋವು. ಡಾಕ್ಟರು ಕೊಟ್ಟ ಚೀಟಿಯಲ್ಲಿ ಒಂದು ಗುಳಿಗೆ ಮುಂದೆ ಬಿಡಿ (BD) ಅಂತ ಇದೆ, ಪ್ಯಾರಾಸಿಟಮಾಲ್ 650ರ ಮುಂದೆ ಎಸ್‌ಓಎಸ್ ಅಂತ ಇದೆ. ಎಸ್‌ಓಎಸ್ ಅಂದರೆ ಜೀವಕ್ಕೆ ಅಪಾಯ ಬಂದಾಗ ಕಳಿಸುವ ಸಂದೇಶ ಅಲ್ವಾ? ಅವ್ವನಿಗೆ ಹೇಳಿಲ್ಲ, ನಮಗೆ ಮಾತ್ರ ನಿದ್ದೆ ಇಲ್ಲ.
— ಓದುಗರು, ಮುಧೋಳ

ಉತ್ತರ: ಮೊದಲು ಸಮಾಧಾನ ಮಾಡಿಕೊಳ್ಳಿ. ಹಡಗಿನವರು ಕಳಿಸುವ ಎಸ್‌ಓಎಸ್ ಬೇರೆ, ಚೀಟಿಯ ಎಸ್‌ಓಎಸ್ ಬೇರೆ. ಚೀಟಿಯಲ್ಲಿರುವುದು ಲ್ಯಾಟಿನ್ ಮಾತು, 'ಸಿ ಓಪಸ್ ಸಿಟ್'. ಅಂದರೆ 'ಬೇಕಾದರೆ'. ನೋವು ಇದ್ದರೆ ತಗೊಳ್ಳಿ, ಇಲ್ಲದಿದ್ದರೆ ಬೇಡ, ಅಷ್ಟೇ.

ಉಳಿದವೂ ಹಾಗೇ ಲ್ಯಾಟಿನ್ನಿನಿಂದ ಬಂದವು. ಓಡಿ (OD) ಅಂದರೆ ದಿನಕ್ಕೆ ಒಂದು ಸಲ, ಬಿಡಿ ಅಂದರೆ ಎರಡು ಸಲ, ಟಿಡಿಎಸ್ ಅಂದರೆ ಮೂರು ಸಲ. ಎಚ್‌ಎಸ್ ಅಂತ ಇದ್ದರೆ ಮಲಗುವಾಗ. ಎಸಿ ಊಟಕ್ಕೆ ಮುಂಚೆ, ಪಿಸಿ ಊಟ ಆದ ಮೇಲೆ. ಈಗ ಎಷ್ಟೋ ಡಾಕ್ಟರು ಇದನ್ನೆಲ್ಲ ಬಿಟ್ಟು 1-0-1 ಅಂತ ಬರೆಯುತ್ತಾರೆ, ಅಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ನನಗೆ ಕೇಳಿದರೆ ಇದೇ ಒಳ್ಳೆಯದು, ಶಾಲೆಗೆ ಹೋಗದ ಅಜ್ಜಿಗೂ ಬೆರಳು ಇಟ್ಟು ತೋರಿಸಬಹುದು.

ಆದರೆ 'ಬೇಕಾದರೆ' ಅಂದರೆ ಬೇಕಾದಷ್ಟು ಅಂತಲ್ಲ. ಪ್ಯಾರಾಸಿಟಮಾಲ್ ದೊಡ್ಡವರಿಗೂ 24 ತಾಸಿನಲ್ಲಿ 4 ಗ್ರಾಂ ಮೀರಬಾರದು, ವಯಸ್ಸಾದವರಿಗೆ, ಲಿವರ್ ತೊಂದರೆ ಇದ್ದವರಿಗೆ ಇನ್ನೂ ಕಡಿಮೆ. ನೆಗಡಿಗೆ ತರುವ ಎಷ್ಟೋ ಗುಳಿಗೆಗಳಲ್ಲಿ ಇದೇ ಪ್ಯಾರಾಸಿಟಮಾಲ್ ಇರುತ್ತದೆ, ಅದೂ ಲೆಕ್ಕಕ್ಕೆ ಬರುತ್ತದೆ. ಅವ್ವನಿಗೆ ಎಷ್ಟು ತಾಸಿಗೆ ಒಂದು, ದಿನಕ್ಕೆ ಹೆಚ್ಚೆಂದರೆ ಎಷ್ಟು ಅಂತ ಡಾಕ್ಟರನ್ನೇ ಕೇಳಿ ಚೀಟಿ ಮೇಲೆ ಬರೆಸಿಕೊಳ್ಳಿ.

ಇನ್ನೊಂದು ಮಾತು. ಓಡಿ ಅನ್ನುವುದು ಕಣ್ಣಿನ ದವಾಖಾನೆಯ ಚೀಟಿಯಲ್ಲಿ ಇದ್ದರೆ ಅದು 'ಬಲಗಣ್ಣು' ಆಗಬಹುದು, ಓಎಸ್ ಎಡಗಣ್ಣು. ಕಣ್ಣಿಗೆ ಹಾಕುವ ಹನಿ ಔಷಧಕ್ಕೆ ಓಡಿ ಅಂತ ಇದ್ದರೆ ನಾನಂತೂ ಊಹೆ ಮಾಡುವುದಿಲ್ಲ, ಬರೆದವರಿಗೇ ಫೋನ್ ಹಚ್ಚಿ ಕೇಳುತ್ತೇನೆ. ಅಕ್ಷರವೇ ತಿಳಿಯದಿದ್ದರೂ ಕೇಳಲು ಹಿಂಜರಿಯಬೇಡಿ. ಔಷಧದ ಜನರಿಕ್ ಹೆಸರನ್ನು (ಕಂಪನಿ ಇಟ್ಟ ಹೆಸರಲ್ಲ, ಔಷಧದ ಮೂಲ ಹೆಸರು) ಓದಲು ಬರುವಂತೆ, ಆದಷ್ಟು ಇಂಗ್ಲಿಷಿನ ಕ್ಯಾಪಿಟಲ್ ಅಕ್ಷರದಲ್ಲಿ ಬರೆಯಬೇಕು ಅಂತ ಆಗಿನ ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲೇ ನಿಯಮ ಮಾಡಿತ್ತು.

ಪ್ರಶ್ನೆ: ಅಪ್ಪನಿಗೆ ಮನೆಯಲ್ಲೇ ಇನ್ಸುಲಿನ್ ಚುಚ್ಚುತ್ತೇವೆ. ಬಾಟಲಿ ಮೇಲೆ 40 ಐಯು/ಎಂಎಲ್ ಅಂತ ಇದೆ. ಈ ಸಲ ಬೇರೆ ಅಂಗಡಿಯಲ್ಲಿ ತಂದ ಸಿರಿಂಜಿನ ಮೇಲೆ ಯು-100 ಅಂತ ಇದೆ. ನಡೆಯುತ್ತದಾ?
— ಓದುಗರು, ಇಳಕಲ್

ಉತ್ತರ: ನಡೆಯುವುದಿಲ್ಲ. ಇವತ್ತೇ ಬದಲಿಸಿಕೊಂಡು ಬನ್ನಿ. ಅದರಲ್ಲೇ ಈಗಾಗಲೇ ಕೊಟ್ಟಿದ್ದರೆ ಡಾಕ್ಟರಿಗೆ ಹೇಳಿ, ನೀವಾಗಿಯೇ ಹೆಚ್ಚು ಕಡಿಮೆ ಮಾಡಬೇಡಿ.

ಐಯು ಅಂದರೆ ಇಂಟರ್‌ನ್ಯಾಷನಲ್ ಯೂನಿಟ್, ಔಷಧದ ಕಸುವು ಅಳೆಯುವ ಲೆಕ್ಕ. ನಿಮ್ಮ ಬಾಟಲಿಯ 1 ಎಂಎಲ್‌ನಲ್ಲಿ 40 ಯೂನಿಟ್ ಇದೆ. ಯು-100 ಸಿರಿಂಜ್ ಮಾಡಿದ್ದು 1 ಎಂಎಲ್‌ನಲ್ಲಿ 100 ಯೂನಿಟ್ ಇರುವ ಇನ್ಸುಲಿನ್ನಿಗೆ. ಸಿಂದಗಿ ಕಡೆಯ ಒಬ್ಬ ಅಜ್ಜ ಹೀಗೇ ತಪ್ಪಿದ್ದರು. ಎರಡು ವಾರದಿಂದ ಸಕ್ಕರೆ ಇಳಿಯುತ್ತಿಲ್ಲ ಅಂತ ಚೀಲದಿಂದ ಬಾಟಲಿ, ಸಿರಿಂಜ್ ಎರಡೂ ತೆಗೆದು ಕೌಂಟರ್ ಮೇಲಿಟ್ಟರು. ಬಾಟಲಿ 40ರದ್ದು, ಸಿರಿಂಜಿನ ಮುಚ್ಚಳ ಕಿತ್ತಳೆ ಬಣ್ಣದ್ದು. ಅಜ್ಜ 20ರ ಗೆರೆತನಕ ಸರಿಯಾಗಿಯೇ ಎಳೆಯುತ್ತಿದ್ದರು, ಆದರೆ ಆ ಸಿರಿಂಜಿನಲ್ಲಿ 20ರ ಗೆರೆ ಅಂದರೆ 0.2 ಎಂಎಲ್, ಮೈಗೆ ಹೋಗುತ್ತಿದ್ದದ್ದು ಬರೀ 8 ಯೂನಿಟ್. ಇದು ತಿರುಗುಮುರುಗಾದರೆ ಇನ್ನೂ ಕೆಟ್ಟದ್ದು, ಎರಡೂವರೆ ಪಟ್ಟು ಹೆಚ್ಚು ಹೋಗಿ ಸಕ್ಕರೆ ಪೂರಾ ಇಳಿದು ಎಚ್ಚರ ತಪ್ಪಬಹುದು. ನಮ್ಮಲ್ಲಿ 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ಕ್ಕೆ ಕಿತ್ತಳೆ. ಬಣ್ಣ ನೋಡಿ, ಮೇಲಿನ ಅಂಕಿಯನ್ನೂ ಓದಿ.

ಯೂನಿಟ್ ಅನ್ನಲು ಬರೀ 'ಯು' ಅಂತ ಇಂಗ್ಲಿಷ್ ಅಕ್ಷರ ಬರೆಯುವುದೂ ಅಪಾಯವೇ. ಅವಸರದಲ್ಲಿ ಅದು ಸೊನ್ನೆಯಂತೆ ಕಂಡು 10 ಇದ್ದದ್ದು 100 ಆಗುತ್ತದೆ. ಅಮೆರಿಕದಲ್ಲಿ ಆಸ್ಪತ್ರೆಗಳ ಗುಣಮಟ್ಟ ನೋಡುವ ಜಾಯಿಂಟ್ ಕಮಿಷನ್ 'ಇವನ್ನು ಬರೆಯಬೇಡಿ' ಅಂತ ಮಾಡಿದ ಪಟ್ಟಿಯಲ್ಲಿ ಈ ಅಕ್ಷರವೂ ಇದೆ.

ಪ್ರಶ್ನೆ: ನನ್ನ ರಿಪೋರ್ಟಿನಲ್ಲಿ ಟಿಎಸ್‌ಎಚ್ ಜಾಸ್ತಿ ಇದೆ. ಡಾಕ್ಟರು ನೋಡಿದರೆ ಥೈರಾಯ್ಡ್ ಕಡಿಮೆ ಇದೆ ಅನ್ನುತ್ತಾರೆ. ಯಾವುದು ಖರೆ?
— ಓದುಗರು, ಅಥಣಿ

ಉತ್ತರ: ಎರಡೂ ಖರೆ. ಟಿಎಸ್‌ಎಚ್ ಥೈರಾಯ್ಡ್ ಗ್ರಂಥಿಯಿಂದ ಬರುವುದಲ್ಲ, ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯಿಂದ ಬರುತ್ತದೆ. 'ಕೆಲಸ ಮಾಡು' ಅಂತ ಥೈರಾಯ್ಡಿಗೆ ಹೇಳುವುದು ಅದರ ಕೆಲಸ. ಆಳು ನಿಧಾನ ಆದಂತೆ ಮಾಲೀಕ ಜಾಸ್ತಿ ಕೂಗುತ್ತಾನಲ್ಲ, ಹಾಗೆ. ಗುಳಿಗೆ ತರುವಾಗ ಎಂಸಿಜಿ ಅನ್ನುವುದನ್ನು ನೋಡಿಕೊಳ್ಳಿ. ಅದು ಮೈಕ್ರೋಗ್ರಾಂ, 1000 ಮೈಕ್ರೋಗ್ರಾಂ ಸೇರಿದರೆ 1 ಮಿಲಿಗ್ರಾಂ.

ಪ್ರಶ್ನೆ: ನನ್ನ ತಾಯಿ ಕಾರ್ಡಿನಲ್ಲಿ ಜಿ3 ಪಿ1 ಎಲ್1 ಎ1 ಅಂತ ಬರೆದಿದ್ದಾರೆ. ಎ ಅಂದರೆ ಅಬಾರ್ಷನ್ ಅಂತ ಮೈದುನ ಮೊಬೈಲಿನಲ್ಲಿ ನೋಡಿ ಹೇಳಿದ. ನಾನು ಯಾರಿಗೂ ತಿಳಿಸದೆ ತೆಗೆಸಿಕೊಂಡೆ ಅಂತ ಅತ್ತೆ ಮಾತು ಬಿಟ್ಟಿದ್ದಾರೆ. ಹೋದ ವರ್ಷ ಎರಡನೇ ತಿಂಗಳಲ್ಲಿ ತಾನಾಗಿಯೇ ಹೋಯಿತು. ನಾನು ಏನೂ ಮಾಡಿಲ್ಲ.
— ಓದುಗರು, ಬನಹಟ್ಟಿ

ಉತ್ತರ: ತಂಗಿ, ನಿಮ್ಮ ಪತ್ರ ಓದಿ ಬಹಳ ಸಂಕಟ ಆಯಿತು. ಈ ಉತ್ತರವನ್ನು ನಿಮ್ಮ ಅತ್ತೆಯವರಿಗೆ ಓದಿ ಹೇಳಿ, ಅದಕ್ಕಾಗಿಯೇ ಬಿಡಿಸಿ ಬರೆಯುತ್ತಿದ್ದೇನೆ.

ಜಿ ಅಂದರೆ ಒಟ್ಟು ಎಷ್ಟು ಸಲ ಬಸಿರು ನಿಂತಿದೆ ಅನ್ನುವ ಲೆಕ್ಕ. ಈಗಿನದೂ ಸೇರಿ ನಿಮಗೆ ಮೂರು. ಪಿ ಅಂದರೆ ಹೆರಿಗೆ, ಒಂದು. ಎಲ್ ಅಂದರೆ ಈಗ ಇರುವ ಮಕ್ಕಳು, ಒಂದು. ಎ ಅಂದರೆ ಅಬಾರ್ಷನ್, ಅದೂ ನಿಜ. ಆದರೆ ದವಾಖಾನೆ ಮಾತಿನಲ್ಲಿ ಅಬಾರ್ಷನ್ ಅಂದರೆ ತೆಗೆಸಿಕೊಂಡದ್ದು ಅಂತಲೇ ಅಲ್ಲ. ಕೂಸು ಹೊರಗೆ ಬಂದು ಬದುಕುವಷ್ಟು ಬೆಳೆಯುವ ಮೊದಲೇ ಬಸಿರು ಹೋದರೆ, ತಾನಾಗಿ ಹೋಗಿರಲಿ, ತೆಗೆಸಿರಲಿ, ಎರಡಕ್ಕೂ ಅದೇ ಒಂದು ಅಕ್ಷರ. ಆ ಅಕ್ಷರ ನೋಡಿ ಯಾರೂ ಏನನ್ನೂ ತೀರ್ಮಾನ ಮಾಡಲು ಬರುವುದಿಲ್ಲ. ಮೊದಲ ಮೂರು ತಿಂಗಳಲ್ಲಿ ಹೀಗೆ ಹೋಗುವುದು ಬಹಳ ಜನರಿಗೆ ಆಗುತ್ತದೆ, ಹೆಚ್ಚಾಗಿ ಕ್ರೋಮೋಸೋಮಿನ ದೋಷದಿಂದ ಕೂಸು ಸರಿಯಾಗಿ ಕೂಡಿಕೊಂಡಿರುವುದಿಲ್ಲ. ತಾಯಿ ಭಾರ ಎತ್ತಿದ್ದಕ್ಕೋ ಏನೋ ತಿಂದದ್ದಕ್ಕೋ ಆಗುವಂಥದ್ದಲ್ಲ. ನಿಮ್ಮ ತಪ್ಪು ಇದರಲ್ಲಿ ಏನೂ ಇಲ್ಲ. ಹೋದ ವರ್ಷ ನೀವೂ ಒಂದು ಕೂಸು ಕಳೆದುಕೊಂಡವರೇ, ಅತ್ತೆಯವರು ಅದನ್ನೂ ನೆನೆಸಿಕೊಳ್ಳಲಿ. ಮುಂದಿನ ತಪಾಸಣೆಗೆ ಅವರನ್ನೂ ಕರೆದುಕೊಂಡು ಹೋಗಿ, ನರ್ಸ್ ಅಥವಾ ಡಾಕ್ಟರ ಬಾಯಿಂದಲೇ ಕೇಳಲಿ.

ಎಲ್‌ಎಂಪಿ, ಇಡಿಡಿ ಅಂದರೆ ಏನು ಅಂತಲೂ ಕೊನೆಗೆ ಕೇಳಿದ್ದೀರಿ. ಎಲ್‌ಎಂಪಿ ಅಂದರೆ ಕೊನೆಯ ಮುಟ್ಟಿನ ಮೊದಲ ದಿನ, ನಿಮ್ಮದು ಜನವರಿ 10. ಅದಕ್ಕೆ 9 ತಿಂಗಳು, ಮೇಲೆ 7 ದಿನ ಕೂಡಿಸಿದರೆ ಇಡಿಡಿ, ಅಂದರೆ ಹೆರಿಗೆಯ ಅಂದಾಜು ದಿನ. ನಿಮಗೆ ಅಕ್ಟೋಬರ್ 17 ಬರುತ್ತದೆ. ಅದು ಅಂದಾಜು ಅಷ್ಟೇ, ಹೆಚ್ಚಿನವರಿಗೆ ಒಂದೆರಡು ವಾರ ಹಿಂದೆ ಮುಂದೆ ಆಗುತ್ತದೆ. ಹೆರಿಗೆಗೆ ದವಾಖಾನೆಗೆ ಒಯ್ಯುವ ಚೀಲ ಮಾತ್ರ ಸೆಪ್ಟೆಂಬರ್ ಕೊನೆಗೇ ತುಂಬಿಸಿ ಇಟ್ಟುಕೊಳ್ಳಿ.