ಲೆಕ್ಕದ ಸೆಲ್ಲಿಗೆ ಮಾತು ಸೇರಿಸುವುದು ಹೇಗೆ?

ಪ್ರಶ್ನೆ: ಸರ್, ನಾನು ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹಾಲಿನ ಡೇರಿಯ ಲೆಕ್ಕ ಬರೆಯುತ್ತೇನೆ. ವಾರದ ಬಟವಾಡೆಗೆ ಪ್ರತಿಯೊಬ್ಬರಿಗೂ ಎಕ್ಸೆಲ್‌ನಲ್ಲಿ ಒಂದು ಚೀಟಿ ಮಾಡಿ ಕೊಡುತ್ತೇನೆ. ಬರೀ ಅಂಕಿ ಇದ್ದರೆ ವಯಸ್ಸಾದವರಿಗೆ ಯಾವುದು ಲೀಟರ್, ಯಾವುದು ದುಡ್ಡು ಅಂತ ಗೊತ್ತಾಗುವುದಿಲ್ಲ. ಅದಕ್ಕೆ ‘62.5 ಲೀಟರ್’ ಅಂತ ಕೈಯಿಂದ ಟೈಪ್ ಮಾಡಿದೆ. ಈಗ ತಿಂಗಳ ಕೊನೆಗೆ ಕೂಡಿದರೆ ಸೊನ್ನೆ ಬರುತ್ತಿದೆ. ದಾರಿ ಹೇಳಿ.

ಉತ್ತರ: ಚೀಟಿ ಓದುವವರಿಗೆ ಅರ್ಥವಾಗಲಿ ಅಂತ ಯೋಚಿಸಿದ್ದೀರಲ್ಲ, ಅದು ನನಗೆ ತುಂಬಾ ಇಷ್ಟವಾಯಿತು. ಸಂಘಗಳ ಲೆಕ್ಕ ನೋಡುತ್ತಾ ಬಂದವನು ನಾನು. ಸದಸ್ಯರ ಕೈಗೆ ಹೋಗುವ ಕಾಗದ ಅವರಿಗೇ ತಿಳಿಯದಿದ್ದರೆ ಆ ಲೆಕ್ಕ ಎಷ್ಟು ಸರಿ ಇದ್ದರೂ ಅರ್ಧ ಕೆಲಸವೇ.

ಸೊನ್ನೆ ಯಾಕೆ ಬಂತು ಅಂದರೆ, ಅಂಕಿಯ ಪಕ್ಕ ಒಂದೇ ಒಂದು ಅಕ್ಷರ ಟೈಪ್ ಮಾಡಿದರೂ ಎಕ್ಸೆಲ್ ಆ ಸೆಲ್ಲನ್ನು ಪಠ್ಯ ಎಂದು ತಿಳಿಯುತ್ತದೆ. ಸಮ್ ಸೂತ್ರ ಪಠ್ಯವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ತಪ್ಪು ಅಂತಲೂ ಹೇಳುವುದಿಲ್ಲ, ಸುಮ್ನೆ ಬಿಟ್ಟುಬಿಡುತ್ತದೆ.

ಹಾಗಾಗಿ ಮೊದಲ ಕೆಲಸ, ಅಂಕಿಯನ್ನು ಅಂಕಿಯಾಗಿಯೇ ಇಡಿ. ಎ ಕಾಲಂನಲ್ಲಿ ತಾರೀಕು, ಬಿ ಯಲ್ಲಿ ಲೀಟರ್, ಸಿ ಯಲ್ಲಿ ಫ್ಯಾಟ್ (ಹಾಲಿನ ಕೊಬ್ಬಿನಂಶ), ಡಿ ಯಲ್ಲಿ ಮೊತ್ತ. ಏಳು ದಿನದ ಲೆಕ್ಕ 2ನೇ ಸಾಲಿನಿಂದ 8ನೇ ಸಾಲಿನವರೆಗೆ, 9ನೇ ಸಾಲಿನಲ್ಲಿ ಒಟ್ಟು (ಫ್ಯಾಟಿಗೆ ಮಾತ್ರ ಸರಾಸರಿ). ಇನ್ನು ಕೆಳಗೆ ಒಂದು ಖಾಲಿ ಸೆಲ್ಲಿನಲ್ಲಿ ಹೀಗೆ ಬರೆಯಿರಿ:

="ಒಟ್ಟು ಹಾಲು: "&ಬಿ9&" ಲೀಟರ್"

(ಸೆಲ್ಲಿನ ಹೆಸರು, ಸೂತ್ರದ ಹೆಸರು ಇಲ್ಲಿ ಕನ್ನಡದಲ್ಲಿ ಅಚ್ಚಾಗಿವೆ. ನೀವು ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಉದ್ಧರಣ ಚಿಹ್ನೆಯ ಒಳಗಿನ ಮಾತು ಮಾತ್ರ ಕನ್ನಡದಲ್ಲಿರಲಿ.)

7ರ ಕೀಲಿಯ ಮೇಲಿರುವ & ಚಿಹ್ನೆಯೇ ಇಲ್ಲಿ ಜೋಡಿಸುವುದು. ‘ಲೀಟರ್’ ಪದದ ಹಿಂದೆ ಒಂದು ಜಾಗ ಬಿಟ್ಟಿದ್ದೇನೆ, ನೋಡಿ. ಆ ಜಾಗ ಇಲ್ಲದಿದ್ದರೆ ‘62.5ಲೀಟರ್’ ಅಂತ ಅಂಟಿಕೊಂಡು ಬರುತ್ತದೆ. ಎಕ್ಸೆಲ್ 2019ರಿಂದ ಟೆಕ್ಸ್ಟ್‌ಜಾಯಿನ್ ಎಂಬ, ಮಾತು ಜೋಡಿಸುವ ಸೂತ್ರವೂ ಬಂದಿದೆ. ಆದರೆ ಡೇರಿಗಳಲ್ಲಿ ಹಳೆಯ ಕಂಪ್ಯೂಟರ್‌ಗಳೇ ಜಾಸ್ತಿ, ಅಲ್ವಾ? & ಎಲ್ಲಾ ಆವೃತ್ತಿಯಲ್ಲೂ ನಡೆಯುತ್ತದೆ, ಗೂಗಲ್ ಶೀಟ್ಸ್‌ನಲ್ಲೂ ನಡೆಯುತ್ತದೆ. ಅದನ್ನೇ ರೂಢಿ ಮಾಡಿಕೊಳ್ಳಿ. ಇನ್ನೊಂದು ಎಚ್ಚರಿಕೆ: ಸೂತ್ರವನ್ನು ವರ್ಡ್ ಫೈಲಿನಿಂದ ಕಾಪಿ ಮಾಡಬೇಡಿ. ಅಲ್ಲಿಯ ಬಾಗಿದ ಉದ್ಧರಣ ಚಿಹ್ನೆಯನ್ನು ಎಕ್ಸೆಲ್ ಒಪ್ಪುವುದಿಲ್ಲ.

ಫ್ಯಾಟ್ ಮತ್ತು ದುಡ್ಡಿಗೆ ಬಂದಾಗ ಇಷ್ಟು ಸಾಲದು. ಸಿ9ರಲ್ಲಿ ನೀವು ಎರಡೇ ಅಂಕಿ ಕಾಣುವಂತೆ ಮಾಡಿದ್ದರೂ, & ಹಾಕಿ ಜೋಡಿಸಿದ ತಕ್ಷಣ 4.22857142857143 ಅಂತ ಉದ್ದ ಬಾಲ ಹೊರಗೆ ಬರುತ್ತದೆ. ಸೆಲ್ಲಿಗೆ ಕೊಟ್ಟ ಅಲಂಕಾರ & ಕಣ್ಣಿಗೆ ಬೀಳುವುದಿಲ್ಲ, ಒಳಗಿನ ನಿಜವಾದ ಅಂಕಿಯನ್ನೇ ಅದು ಎತ್ತಿಕೊಳ್ಳುತ್ತದೆ. ಅಲ್ಲಿ ಅಂಕಿಯನ್ನು ನಾವು ಹೇಳಿದ ರೂಪದಲ್ಲಿ ತೋರಿಸುವ ಟೆಕ್ಸ್ಟ್ (TEXT) ಸೂತ್ರ ಬೇಕು:

="ಸರಾಸರಿ ಫ್ಯಾಟ್: "&ಟೆಕ್ಸ್ಟ್(ಸಿ9,"0.0")

="ಬಟವಾಡೆ: ₹"&ಟೆಕ್ಸ್ಟ್(ಡಿ9,"#,##0.00")

ಎರಡನೆಯದು 2187.5 ಅನ್ನು ₹2,187.50 ಎಂದು ತೋರಿಸುತ್ತದೆ. ದುಡ್ಡಿನ ಚೀಟಿಯಲ್ಲಿ ಪೈಸೆಯ ಸ್ಥಾನ ಪೂರ್ತಿ ಇರಲೇಬೇಕು. ‘2187.5’ ಅಂದರೆ ಐದು ಪೈಸೆಯೋ ಐವತ್ತು ಪೈಸೆಯೋ ಎಂದು ಯಾರೂ ತಡವರಿಸಬಾರದು.

ಫ್ಯಾಟಿನ ಸರಾಸರಿ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಏಳು ದಿನದ ಫ್ಯಾಟ್ ಕೂಡಿ ಏಳರಿಂದ ಭಾಗಿಸಿದರೆ ಸರಿಯಾಗುವುದಿಲ್ಲ. ಹತ್ತು ಲೀಟರ್ ಹಾಕಿದ ದಿನಕ್ಕೂ ನಾಲ್ಕು ಲೀಟರ್ ಹಾಕಿದ ದಿನಕ್ಕೂ ಒಂದೇ ತೂಕ ಕೊಟ್ಟಂತಾಗುತ್ತದೆ. ಸಿ9ರಲ್ಲಿ =ಸಮ್‌ಪ್ರಾಡಕ್ಟ್(ಬಿ2:ಬಿ8,ಸಿ2:ಸಿ8)/ಬಿ9 ಎಂದು ಹಾಕಿ (ಸಮ್‌ಪ್ರಾಡಕ್ಟ್ ಅಂದರೆ SUMPRODUCT). ಪ್ರತಿ ದಿನದ ಲೀಟರನ್ನು ಆ ದಿನದ ಫ್ಯಾಟಿನಿಂದ ಗುಣಿಸಿ, ಎಲ್ಲವನ್ನೂ ಕೂಡಿ, ಒಟ್ಟು ಲೀಟರಿನಿಂದ ಭಾಗಿಸುವುದು ಅಂತ ಅದರ ಅರ್ಥ. ಚೀಟಿಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗುವ ಅಂಕಿ ನ್ಯಾಯವಾದದ್ದಾಗಿರಲಿ.

ತಾರೀಕಿಗೂ ಟೆಕ್ಸ್ಟ್ ಬೇಕೇ ಬೇಕು. 2024ರ ಆಗಸ್ಟ್ 15 ಅನ್ನು ನೇರವಾಗಿ ಜೋಡಿಸಿ ನೋಡಿ, 45519 ಎಂದು ಬರುತ್ತದೆ. ಎಕ್ಸೆಲ್ 1900ರ ಜನವರಿ 1 ಅನ್ನು ಒಂದು ಎಂದು ಹಿಡಿದು ದಿನಗಳನ್ನು ಎಣಿಸುತ್ತದೆ, ಅದರ ಪ್ರಕಾರ ಅದೇ ತಾರೀಕು. ಟೆಕ್ಸ್ಟ್ ಸೂತ್ರದೊಳಗೆ ದಿನಕ್ಕೆ ಎರಡು ಡಿ, ತಿಂಗಳಿಗೆ ಎರಡು ಎಂ, ವರ್ಷಕ್ಕೆ ನಾಲ್ಕು ವೈ, ನಡುವೆ ಅಡ್ಡಗೆರೆ ಹಾಕಿದರೆ 15-08-2024 ಎಂದು ಬರುತ್ತದೆ.

ಈ ಜೋಡಿಸಿದ ಸೆಲ್ಲುಗಳೂ ಪಠ್ಯವೇ. ಅವು ಓದುವುದಕ್ಕೆ ಮಾತ್ರ. ತಿಂಗಳ ಒಟ್ಟು ಕೂಡುವಾಗ ಬಿ9, ಡಿ9ರಂಥ ಸೆಲ್ಲುಗಳನ್ನೇ ಹಿಡಿಯಿರಿ.

ಲೀಟರ್ ಎಂಬ ಪದ ಪಕ್ಕದಲ್ಲಿ ಕಂಡರೆ ಸಾಕು, ವಾಕ್ಯ ಬೇಡ ಅನ್ನುವುದಾದರೆ ಇನ್ನೂ ಸುಲಭದ ದಾರಿಯಿದೆ. ನನಗಂತೂ ಇದೇ ಹೆಚ್ಚು ಇಷ್ಟ. ಬಿ ಕಾಲಂ ಆರಿಸಿ, ಕಂಟ್ರೋಲ್ ಜೊತೆ 1 ಒತ್ತಿ, ನಂಬರ್ ಪುಟದಲ್ಲಿ ಕಸ್ಟಮ್ ಆರಿಸಿ, 0.0" ಲೀಟರ್" ಎಂದು ಬರೆಯಿರಿ. ನೀವು 62.5 ಎಂದಷ್ಟೇ ಟೈಪ್ ಮಾಡುತ್ತೀರಿ, ಕಾಣುವುದು ‘62.5 ಲೀಟರ್’. ಒಳಗೆ ಅಂಕಿ ಅಂಕಿಯಾಗಿಯೇ ಇರುತ್ತದೆ, ಎಷ್ಟು ಬೇಕಾದರೂ ಕೂಡಬಹುದು. ಈಗಾಗಲೇ ಕೈಯಿಂದ ‘ಲೀಟರ್’ ಟೈಪ್ ಮಾಡಿರುವ ಸೆಲ್ಲುಗಳಲ್ಲಿ ಮಾತ್ರ ಆ ಪದವನ್ನು ಮೊದಲು ಅಳಿಸಬೇಕು. ಕಂಟ್ರೋಲ್ ಜೊತೆ ಎಚ್ ಒತ್ತಿ, ‘ಲೀಟರ್’ ಪದವನ್ನು ಅದರ ಹಿಂದಿನ ಜಾಗವನ್ನೂ ಸೇರಿಸಿ ಹುಡುಕಿ, ಬದಲಿಗೆ ಏನನ್ನೂ ಬರೆಯದೆ ಎಲ್ಲವನ್ನೂ ಒಮ್ಮೆಗೇ ಬದಲಾಯಿಸಿ.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ, ತುಮಕೂರು. 24 ದಿನದಲ್ಲಿ 22 ದಿನ ಬಂದ ಮಗುವಿಗೆ ‘ಹಾಜರಿ: 0.916666666666667’ ಎಂದು ಬರುತ್ತಿದೆ. ಏನು ಮಾಡಲಿ?

ಉತ್ತರ: ಮೇಡಂ, ಇದೂ ಅದೇ ತೊಂದರೆ. ಟೆಕ್ಸ್ಟ್ ಸೂತ್ರದಲ್ಲಿ "0.0%" ಎಂದು ಕೊಡಿ, 91.7% ಬರುತ್ತದೆ. ಅದಕ್ಕೆ ಮೊದಲು ನೂರರಿಂದ ಗುಣಿಸಬೇಡಿ, ಶೇಕಡಾ ಚಿಹ್ನೆಯೇ ಆ ಕೆಲಸ ಮಾಡುತ್ತದೆ. ಗುಣಿಸಿದರೆ ಮಗುವಿನ ಹಾಜರಿ 9166.7% ಆಗುತ್ತದೆ.