ಪ್ರತಿಕ್ರಿಯೆ: ಸೈಕೋ ಪೋಸ್ಟರ್ ಒರಿಜಿನಲ್ಲಾ?

ನೀವು ಕೊಂಡ, ಫ್ರೇಮ್ ಹಾಕಿರೋ ಸೈಕೋ (ಹಿಚ್‌ಕಾಕ್‌ನ 1960ರ ಸಿನಿಮಾ) ಪೋಸ್ಟರ್ 24x36 ಇಂಚು, ಮಡಿಕೆ ಗೆರೆ ಇಲ್ಲ, ಹೊಳೆಯೋ ಪೇಪರ್ ಅಂತೀರಲ್ಲ, ಹಾಗಿದ್ರೆ ಅದು ಬಹುಶಃ 1960ರದ್ದಲ್ಲ, ರೀಪ್ರಿಂಟು. ಆಗಿನ ಅಮೆರಿಕನ್ ಒನ್ ಶೀಟ್ (ಥಿಯೇಟರಲ್ಲಿ ಹಾಕೋ ಮಾಮೂಲಿ ಸೈಜಿನ ಪೋಸ್ಟರ್) ಸುಮಾರು 27x41 ಇಂಚು ಇರ್ತಿತ್ತು, ಥಿಯೇಟರ್‌ಗೆ ಮಡಚೇ ಕಳಿಸ್ತಿದ್ರು. ಫೋಟೋ ನೋಡ್ದೆ ಖಚಿತವಾಗಿ ಹೇಳಕ್ಕಾಗಲ್ಲ, ಅದಕ್ಕೆ ಮೊದ್ಲು ಫ್ರೇಮಿಂದ ತೆಗೆದು ಅಳೀರಿ, ಫ್ರೇಮಲ್ಲಿ ಅಂಚು ಮುಚ್ಚಿರುತ್ತೆ. ಆಮೇಲೆ ಕೆಳಗಡೆ ಬಲಮೂಲೇಲಿ ಬಿಳಿ ಅಂಚಲ್ಲಿ 60/ ಅಂತ ಶುರುವಾಗೋ ನಂಬರ್ ಇದ್ಯಾ ನೋಡಿ (60 ಅಂದ್ರೆ ವರ್ಷ), ವರ್ಷಕ್ಕಿಂತ ಮೊದ್ಲು R ಅಕ್ಷರ ಇದ್ರೆ ರೀ-ರಿಲೀಸಿಂದು. ಆದ್ರೆ ಅದೊಂದನ್ನೇ ನಂಬ್ಬೇಡಿ, ಒರಿಜಿನಲ್ಲನ್ನ ಸ್ಕ್ಯಾನ್ ಮಾಡಿ ಪ್ರಿಂಟ್ ಹಾಕ್ದಾಗ ನಂಬರೂ ಜೊತೇಲೇ ಬರುತ್ತೆ. ಭೂತಗನ್ನಡೀಲಿ ಕೆಳಗಿನ ಸಣ್ಣ ಅಕ್ಷರ ನೋಡಿ, ಅಂಚು ಮಸುಕಾಗಿ ಚುಕ್ಕಿ ಚುಕ್ಕಿ ಆಗಿದ್ರೆ ಸ್ಕ್ಯಾನೇ. ರಿಟರ್ನ್ ಡೇಟ್ ಮುಗಿಯೋಕ್ ಮುಂಚೆ ಇಷ್ಟು ಮಾಡಿ, ಅಲ್ಲೀವರ್ಗೂ ಲ್ಯಾಮಿನೇಷನ್ ಗಿಮಿನೇಷನ್ ಬೇಡ.