ಒಂಬತ್ತು ದಿನದ ಪ್ರವಾಸಕ್ಕೆ ಒಂದೇ ಚೀಲ ಸಾಕಾ? ಸಾಕು, ಬಟ್ಟೆ ಬೇಗ ಒಣಗಬೇಕು ಅಷ್ಟೇ

ನೀವು ಕೇಳಿದ್ದು ಇಷ್ಟು. ಡಿಸೆಂಬರ್ ಮೊದಲ ವಾರ ಅವ್ವನನ್ನು ಕರೆದುಕೊಂಡು ವಿಜಯಪುರದಿಂದ ಹೊರಟು, ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ವಿಮಾನದಲ್ಲಿ ದೆಹಲಿಗೆ ಹೋಗುತ್ತೀರಿ. ಅಲ್ಲಿಂದ ಆಗ್ರಾ, ಹರಿದ್ವಾರ. ಬರುವಾಗ ರೈಲು. ಒಟ್ಟು ಒಂಬತ್ತು ದಿನ. ಅವ್ವನಿಗೆ ಮೊಣಕಾಲು ನೋವು, ದೊಡ್ಡ ಸೂಟ್‌ಕೇಸ್ ಬೇಡ, ಇಬ್ಬರಿಗೂ ಒಂದೊಂದೇ ಕೈಚೀಲ. ಬಟ್ಟೆ ಸುರುಳಿ ಸುತ್ತಬೇಕಾ, ಮಡಚಬೇಕಾ, ಗಾಳಿ ತೆಗೆಯುವ ಪ್ಲಾಸ್ಟಿಕ್ ಚೀಲ ಕೊಳ್ಳಬೇಕಾ ಅಂತ ಕೇಳಿದ್ದೀರಿ.

ಎಲ್ಲಾ ಹೇಳುತ್ತೇನೆ. ಆದರೆ ಮಡಚುವುದು ಕೊನೆಯ ಕೆಲಸ. ಮೊದಲು ಒಂದೊಂದು ಬಟ್ಟೆಯನ್ನೂ ಕೈಯಲ್ಲಿ ಹಿಡಿದು ಒಂದೇ ಮಾತು ಕೇಳಿಕೊಳ್ಳಿ: ರಾತ್ರಿ ಒಗೆದು ಹಾಕಿದರೆ ಇದು ಬೆಳಿಗ್ಗೆ ಒಣಗಿರುತ್ತದಾ? ಒಣಗುವಂಥದ್ದಾದರೆ ಒಂಬತ್ತು ದಿನಕ್ಕೆ ಮೂರು ಜೊತೆ ಸಾಕು. ಇಲ್ಲದಿದ್ದರೆ ಒಂಬತ್ತು ಜೊತೆ ಹೊರಬೇಕು. ಎಷ್ಟು ಚೆಂದ ಮಡಚಿದರೂ ಒಂಬತ್ತು ಜೊತೆಯ ಭಾರ ಎಲ್ಲಿಗೂ ಹೋಗುವುದಿಲ್ಲ.

ನನಗೆ ಇದು ಗೊತ್ತಾಗಿದ್ದು ಎರಡು ಊರಲ್ಲಿ ಬಾಳಿದ್ದರಿಂದ. ಹುಟ್ಟಿದ್ದು ನಿಮ್ಮೂರು ವಿಜಯಪುರದಲ್ಲೇ. ಕೆಲಸ ಸಿಕ್ಕಿದ್ದು ಬೆಳಗಾವಿಯಲ್ಲಿ, ಟಿಳಕವಾಡಿಯಲ್ಲಿ ಬಾಡಿಗೆ ಮನೆ. ಹನ್ನೊಂದು ವರ್ಷದಿಂದ ತಿಂಗಳಿಗೆ ಎರಡು ಸಲವಾದರೂ ಬಸ್ಸಿನಲ್ಲಿ ಈ ಇನ್ನೂರು ಕಿಲೋಮೀಟರ್ ಓಡಾಡುತ್ತೇನೆ. ವಿಜಯಪುರದಲ್ಲಿ ಏಪ್ರಿಲ್ ತಿಂಗಳು ಮಾಳಿಗೆ ಮೇಲೆ ಪರಕರ ಒಣಹಾಕಿ, ಕೆಳಗೆ ಬಂದು ರೊಟ್ಟಿ ಬಡಿದು ಮುಗಿಸುವಷ್ಟರಲ್ಲಿ ಅದು ಹಪ್ಪಳದಂತೆ ಆಗಿರುತ್ತದೆ. ಅದೇ ಪರಕರ ಜುಲೈನಲ್ಲಿ ಬೆಳಗಾವಿಯಲ್ಲಿ ಮೂರು ದಿನ ತಂತಿ ಮೇಲಿದ್ದರೂ ಮುಟ್ಟಿದರೆ ತಣ್ಣಗೆ. ಮೇಲೆ ಮುಗ್ಗಲು ವಾಸನೆ ಬೇರೆ. ವಿಜಯಪುರದಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ, ಬೆಳಗಾವಿಯಲ್ಲಿ ಸುಮಾರು ಅದರ ಎರಡು ಪಟ್ಟು. ಗಾಳಿಯಲ್ಲೇ ನೀರು ತುಂಬಿರುವಾಗ ಬಟ್ಟೆಯ ನೀರು ಎಲ್ಲಿಗೆ ಹೋಗಬೇಕು? ಆ ಮೊದಲ ಮಳೆಗಾಲ ಕಳೆದ ಮೇಲೆ, ಅಂಗಡಿಯಲ್ಲಿ ಯಾವ ಬಟ್ಟೆ ಮುಟ್ಟಿದರೂ ಬಣ್ಣಕ್ಕಿಂತ ಮೊದಲು ಇದು ಎಷ್ಟು ಹೊತ್ತಿಗೆ ಒಣಗೀತು ಅಂತ ಲೆಕ್ಕ ಹಾಕುವುದು ನನಗೆ ರೂಢಿ ಆಗಿಬಿಟ್ಟಿತು.

ಬಟ್ಟೆ ಬಟ್ಟೆಗೂ ಇದರಲ್ಲಿ ಭಾಳ ವ್ಯತ್ಯಾಸ ಇದೆ. ಹತ್ತಿ ನೀರನ್ನು ಎಳೆಯ ಒಳಗೇ ಎಳೆದುಕೊಳ್ಳುತ್ತದೆ. ಒಗೆಯದೆ ಸುಮ್ನೆ ಗಾಳಿಗೆ ಇಟ್ಟರೂ 100 ಗ್ರಾಂ ಹತ್ತಿಗೆ 7-8 ಗ್ರಾಂ ನೀರು ಸೇರಿರುತ್ತದೆ. ಪಾಲಿಯೆಸ್ಟರ್‌ಗೆ ಅರ್ಧ ಗ್ರಾಂ ಕೂಡ ಸೇರುವುದಿಲ್ಲ. ಅದರ ನೀರೆಲ್ಲ ಎಳೆಗಳ ನಡುವೆ ಮಾತ್ರ ನಿಂತಿರುತ್ತದೆ, ಹಿಂಡಿದರೆ ಹೋಯಿತು. ಹಾಗಂತ ಪೂರ್ತಿ ಪಾಲಿಯೆಸ್ಟರ್ ಒಯ್ಯಿರಿ ಅಂತ ನಾನು ಹೇಳುವುದಿಲ್ಲ. ದಿನವಿಡೀ ನಡೆದರೆ ಬೆವರಿನ ವಾಸನೆ ಅದಕ್ಕೆ ಜಾಸ್ತಿ ಹತ್ತುತ್ತದೆ, ಮೈಗೂ ಅಂಟುತ್ತದೆ. ಎರಡೂ ಬೆರೆತ ಬಟ್ಟೆ ಅಥವಾ ತೆಳು ಹತ್ತಿ ನೋಡಿ. ಬಟ್ಟೆಯನ್ನು ಬೆಳಕಿಗೆ ಹಿಡಿದರೆ ಆಚೆ ಕಡೆಯ ಬೆರಳು ಮಸುಕಾಗಿ ಕಾಣಬೇಕು. ಅಷ್ಟು ತೆಳು ಇದ್ದರೆ ಒಂದು ರಾತ್ರಿಗೆ ಒಣಗುತ್ತದೆ.

ಜೀನ್ಸ್ ಮಾತ್ರ ದಯವಿಟ್ಟು ಬೇಡ. ನನ್ನದೊಂದನ್ನು ಕಿರಾಣಿ ಅಂಗಡಿ ತಕ್ಕಡಿಯಲ್ಲಿ ಇಟ್ಟು ನೋಡಿದೆ, 650 ಗ್ರಾಂ. ನನ್ನ ಮೂರು ತೆಳು ಕುರ್ತಾ ಸೇರಿದರೆ ಆಗುವಷ್ಟು. ಡಿಸೆಂಬರ್ ಚಳಿಯಲ್ಲಿ ಒಗೆದರೆ ಸೊಂಟದ ಪಟ್ಟಿ, ಜೇಬಿನ ಒಳಗಡೆ ಎರಡು ದಿನವಾದರೂ ಒದ್ದೆ. ಟರ್ಕಿ ಟವೆಲ್ ಕೂಡ ಹಾಗೇ, ಅರ್ಧ ಕೆಜಿ ಹತ್ತಿರ ತೂಗುತ್ತದೆ. ಅದರ ಬದಲು ಮೈ ಒರೆಸುವ ತೆಳು ಹತ್ತಿ ಟವೆಲ್ ಒಯ್ಯಿರಿ. ಇದು ಒರೆಸಿಕೊಳ್ಳಲಿಕ್ಕೆ ಮಾತ್ರ ಅಲ್ಲ, ಬಟ್ಟೆ ಒಣಗಿಸಲಿಕ್ಕೂ ಬೇಕು.

ಅದು ಹೇಗೆ ಅಂದರೆ, ರೂಮಿಗೆ ಬಂದ ತಕ್ಷಣ, ಊಟಕ್ಕೆ ಹೋಗುವ ಮೊದಲೇ ಅಂದಿನ ಬಟ್ಟೆ ಒಗೆದುಬಿಡಿ. ಊಟ ಆದಮೇಲೆ ಒಗೆಯುತ್ತೇನೆ ಅಂದರೆ ಆಗುವುದಿಲ್ಲ, ದಣಿದಿರುತ್ತೀರಿ. ಕೈಯಿಂದ ಹಿಂಡಿದ ಮೇಲೆ ಒಣ ಟವೆಲ್ ಹಾಸಿಗೆ ಮೇಲೆ ಹರಡಿ, ಅದರ ಮೇಲೆ ಕುರ್ತಾ ಹರಡಿ, ಎರಡನ್ನೂ ಸೇರಿಸಿ ಚಾಪೆ ಸುತ್ತಿದಂತೆ ಸುತ್ತಿ. ಒಂದು ತುದಿ ನೀವು, ಇನ್ನೊಂದು ತುದಿ ಅವ್ವ ಹಿಡಿದು ತಿರುವಿ. ಒಬ್ಬರೇ ಇದ್ದರೆ ಮೊಣಕೈ ಊರಿ ಒತ್ತಿದರೂ ಸಾಕು. ಕುರ್ತಾದಲ್ಲಿ ಉಳಿದಿದ್ದ ನೀರಲ್ಲಿ ಬಹಳಷ್ಟನ್ನು ಟವೆಲ್ ಕುಡಿದುಬಿಡುತ್ತದೆ. ಆಮೇಲೆ ಒಳಮೈ ಹೊರಗೆ ಮಾಡಿ ಒಣಹಾಕಿ, ಯಾಕಂದರೆ ಕೊನೆಗೆ ಒಣಗುವುದು ಹೊಲಿಗೆಯ ಅಂಚು. ಚಳಿ ಇದ್ದರೂ ಫ್ಯಾನ್ ಸಣ್ಣಗೆ ತಿರುಗುತ್ತಿರಲಿ, ನೀವು ಹೊದ್ದು ಮಲಗಿ. ಕಿಟಕಿಯಿಂದ ಕಿಟಕಿಗೆ ಕಟ್ಟಲು ನಾಲ್ಕು ಮೀಟರ್ ತೆಳು ಹಗ್ಗ ಇರಲಿ. ಹಗ್ಗವನ್ನು ಎರಡು ಪದರ ಮಾಡಿ ಹೊಸೆದು ಕಟ್ಟಿದರೆ ಆ ಎಳೆಗಳ ನಡುವೆ ಬಟ್ಟೆಯ ತುದಿ ಸಿಕ್ಕಿಸಬಹುದು, ಕ್ಲಿಪ್ ಬೇಕಾಗುವುದಿಲ್ಲ.

ಇಷ್ಟೆಲ್ಲ ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ನಮ್ಮ ಅವ್ವನಿಗೂ ಮೊಣಕಾಲು ನೋವು. ಐದು ವರ್ಷದ ಹಿಂದೆ ಅವಳನ್ನು ಕಾಶಿಗೆ ಕರೆದುಕೊಂಡು ಹೋಗಿದ್ದೆ. ಎರಡು ದೊಡ್ಡ ಸೂಟ್‌ಕೇಸ್, ಮೇಲೊಂದು ಕೈಚೀಲ. ದಾರಿಯಲ್ಲಿ ಒಂದು ಜಂಕ್ಷನ್‌ನಲ್ಲಿ ರೈಲು ಬದಲಿಸಬೇಕಿತ್ತು. ಕೊನೆ ಗಳಿಗೆಗೆ ಪ್ಲಾಟ್‌ಫಾರ್ಮ್ ಬದಲಾಗಿದೆ ಅಂತ ಕೂಗಿದರು. ನಾನು ಸೂಟ್‌ಕೇಸ್ ಹೊತ್ತು ಮೇಲ್ಸೇತುವೆ ಹತ್ತುತ್ತಿದ್ದರೆ, ಅವ್ವ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು. ಅವಳ ಕೈ ಹಿಡಿಯೋಣ ಅಂದರೆ ನನ್ನ ಎರಡೂ ಕೈ ಖಾಲಿ ಇರಲಿಲ್ಲ. ಕೆಳಗೆ ಇಳಿಯುವಷ್ಟರಲ್ಲಿ ರೈಲು ಹೊರಟಿತ್ತು. ರಾತ್ರಿ ಏಳು ತಾಸು ಬೆಂಚಿನ ಮೇಲೆ ಕೂತೆವು. ಊರಿಗೆ ಬಂದು ಸೂಟ್‌ಕೇಸ್ ಬಿಚ್ಚಿದಾಗ, ಮಡಿಕೆ ಕೂಡ ಮುರಿಯದ ನಾಲ್ಕು ಸೀರೆ ಹಾಗೇ ಇದ್ದವು. ಅವತ್ತೇ ನಿರ್ಧಾರ ಮಾಡಿದೆ, ಅವ್ವನ ಜೊತೆ ಹೋಗುವಾಗ ನನ್ನ ಒಂದು ಕೈ ಖಾಲಿ ಇರಬೇಕು.

ಈಗ ಚೀಲದ ಮಾತು. ಒಳನಾಡಿನ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕೆಜಿ ಮಿತಿ, ಅಳತೆ 55, 35, 25 ಸೆಂಟಿಮೀಟರ್. ಟಿಕೆಟ್‌ನಲ್ಲಿ ಒಮ್ಮೆ ನೋಡಿಕೊಳ್ಳಿ. ಈ 7 ಕೆಜಿಯಲ್ಲಿ ಚೀಲದ ತೂಕವೂ ಸೇರಿದೆ, ಇದನ್ನು ಬಹಳ ಜನ ಮರೆಯುತ್ತಾರೆ. ಗಾಲಿ ಇರುವ ಗಟ್ಟಿ ಟ್ರಾಲಿ ಖಾಲಿ ಇದ್ದಾಗಲೇ ಎರಡೂವರೆ, ಮೂರು ಕೆಜಿ ಇರುತ್ತದೆ. ಬೆನ್ನಿಗೆ ಹಾಕುವ ಸಾದಾ ಬಟ್ಟೆ ಚೀಲ ಒಂದು ಕೆಜಿ ಒಳಗೆ. ಅವ್ವನವರಿಗೆ ಬೆನ್ನ ಚೀಲ ರೂಢಿ ಇಲ್ಲ ಅಂದರೆ ಅಗಲ ಪಟ್ಟಿಯ ಹೆಗಲ ಚೀಲ ಕೊಡಿ, ಆದರೆ ಅದರಲ್ಲಿ ಮೂರು ಕೆಜಿಗಿಂತ ಜಾಸ್ತಿ ಇಡಬೇಡಿ. ಉಳಿದದ್ದು ನಿಮ್ಮ ಚೀಲಕ್ಕೆ ಬರಲಿ.

ನಿಮಗೆ ಮೂರು ಕುರ್ತಾ, ಎರಡು ಪ್ಯಾಂಟು. ಪ್ಯಾಂಟು ಎರಡೂ ಕಪ್ಪು ಅಥವಾ ಕಡುನೀಲಿ ಇರಲಿ, ಆಗ ಯಾವ ಕುರ್ತಾ ಯಾವುದರ ಮೇಲೂ ಹೊಂದುತ್ತದೆ. ಒಳಬಟ್ಟೆ ನಾಲ್ಕು ಜೊತೆ. ಡಿಸೆಂಬರ್‌ನಲ್ಲಿ ದೆಹಲಿ, ಹರಿದ್ವಾರದಲ್ಲಿ ಬೆಳಿಗ್ಗೆ ಒಳ್ಳೆ ಚಳಿ, ಮಧ್ಯಾಹ್ನ ಹಿತವಾದ ಬಿಸಿಲು. ದಪ್ಪ ಸ್ವೆಟರ್ ಎರಡೆರಡು ಒಯ್ದರೆ ಮಧ್ಯಾಹ್ನ ಕೈಯಲ್ಲೇ ಹಿಡಿದು ತಿರುಗಬೇಕಾಗುತ್ತದೆ. ಕುರ್ತಾ ಒಳಗೆ ಹಾಕುವ ತೆಳು ಬೆಚ್ಚನೆ ಒಳಅಂಗಿ ಒಂದು ಜೊತೆ, ಮೇಲೆ ಒಂದು ಸ್ವೆಟರ್, ಒಂದು ಶಾಲು. ಅದೇ ಒಳಅಂಗಿ ರಾತ್ರಿ ಮಲಗಲಿಕ್ಕೂ ಆಗುತ್ತದೆ, ನೈಟಿ ಬೇರೆ ಬೇಡ. ಸ್ವೆಟರ್, ಶಾಲು, ಬೂಟು, ಎಲ್ಲಾ ಭಾರದ್ದು ಹೊರಡುವಾಗ ಮೈಮೇಲೇ ಇರಲಿ. ಸಾಂಬ್ರಾದಲ್ಲಿ ಸ್ವಲ್ಪ ಸೆಕೆ ಅನಿಸಬಹುದು, ತಡೆದುಕೊಳ್ಳಿ. ಕಳೆದ ಸಲ ಇಷ್ಟರಲ್ಲಿ ನನ್ನ ಚೀಲ 4 ಕೆಜಿ ದಾಟಲಿಲ್ಲ.

ಅವ್ವನವರು ಸೀರೆ ಉಡುವವರು ಅಂತ ಬರೆದಿದ್ದೀರಿ. ಉಟ್ಟಿದ್ದು ಒಂದು, ಚೀಲದಲ್ಲಿ ಎರಡು. ಇಳಕಲ್ ಸೀರೆ ಒಂದೇ ಇರಲಿ, ಅದನ್ನು ಹರಿದ್ವಾರದಲ್ಲಿ ಗಂಗಾ ಆರತಿ ದಿನಕ್ಕೆ ಇಟ್ಟುಕೊಳ್ಳಲಿ. ನಮ್ಮ ಅವ್ವನ ಇಳಕಲ್ ತೂಗಿದಾಗ ಅರ್ಧ ಕೆಜಿ ಆಸುಪಾಸು ಬಂತು. ಹೊಸದಂತೂ ಬೇಡ, ಮೊದಲ ಒಗೆತಕ್ಕೆ ಸೆರಗಿನ ಕೆಂಪು ಬಿಟ್ಟರೆ ಬಕೆಟ್‌ನಲ್ಲಿದ್ದ ಉಳಿದ ಬಟ್ಟೆಗೂ ಹತ್ತುತ್ತದೆ. ಉಳಿದೆರಡು ದಿನಾ ಉಡುವ ಹಗುರ ಸೀರೆ. ಪರಕರದ ಬಗ್ಗೆ ಯಾರೂ ಯೋಚಿಸುವುದಿಲ್ಲ, ಆದರೆ ಸೀರೆಗಿಂತ ತಡವಾಗಿ ಒಣಗುವುದು ಅದೇ. ಲಾಡಿ ಹಾಕುವ ನೇಫೆ ದಪ್ಪ ಇರುತ್ತದಲ್ಲ, ಅಲ್ಲಿ ನೀರು ನಿಲ್ಲುತ್ತದೆ. ಪರಕರ ಮೂರು ಇರಲಿ, ಅದರಲ್ಲಿ ಉಳಿತಾಯ ಮಾಡಬೇಡಿ. ಗುಳೇದಗುಡ್ಡ ಖಣದ ಜಂಪರ್ ಒಂದಿದ್ದರೆ ಖಂಡಿತ ಇಡಿ. ಅಂಗೈ ಅಗಲಕ್ಕೆ ಮಡಚುತ್ತದೆ, ಸಾದಾ ಸೀರೆ ಮೇಲೆ ಹಾಕಿದರೂ ಹಬ್ಬದ ಕಳೆ ಬರುತ್ತದೆ. ಪ್ರವಾಸಕ್ಕೆ ಅಂತಲೇ ನೇಯ್ದರೇನೋ ಅನಿಸುತ್ತದೆ ನನಗೆ.

ಇನ್ನು ಮಡಚುವ ವಿಷಯ. ನಮ್ಮ ದೊಡ್ಡವ್ವ ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುವವಳು, ನಾಲ್ಕು ಸಲ ಹೋಗಿ ಬಂದಿದ್ದಾಳೆ. ನಮ್ಮ ಕಡೆಯಿಂದ ಸಾವಿರಾರು ಮಂದಿ ಹಾಗೆ ನಡೆಯುವುದು ನಿಮಗೂ ಗೊತ್ತು. ಅಷ್ಟು ದಿನಕ್ಕೆ ಅವಳ ಹತ್ತಿರ ಇದ್ದದ್ದು ಒಂದು ಗಂಟು. ತಂಗಿದಲ್ಲಿ ಒಗೆಯುವುದು, ಮುಂಜಾನೆ ಉಡುವುದು. ಗಂಟು ಕಟ್ಟುವುದನ್ನು ನಾನು ಕೂತು ನೋಡಿದ್ದೇನೆ. ಉದ್ದನೆ ಬಟ್ಟೆಯನ್ನು ಮೊದಲು ಅಗಲಕ್ಕೆ ಹಾಸುತ್ತಿದ್ದಳು. ಅದರ ಮೇಲೆ ಅಡ್ಡಕ್ಕೆ ಇನ್ನೊಂದು. ನಟ್ಟನಡುವೆ ಸಣ್ಣ ಸಣ್ಣ ಬಟ್ಟೆಗಳ ಮೆತ್ತನೆ ಉಂಡೆ. ಆಮೇಲೆ ಒಂದೊಂದೇ ಅಂಚು ತಂದು ಆ ಉಂಡೆಗೆ ಸುತ್ತುವುದು. ಬಟ್ಟೆ ಎಲ್ಲೂ ಚೂಪಾಗಿ ಮುರಿಯುವುದಿಲ್ಲ, ಹಾಗಾಗಿ ಸುಕ್ಕು ಕಡಿಮೆ. ಕುರ್ತಾ, ಅಂಗಿ, ಇಸ್ತ್ರಿ ಕೆಡಬಾರದ್ದಕ್ಕೆಲ್ಲ ಈ ರೀತಿಯೇ ಛಲೋ. ಒಂದೇ ಕಷ್ಟ ಅಂದರೆ, ಒಂದು ಬಟ್ಟೆ ಬೇಕಾದರೂ ಗಂಟು ಪೂರ್ತಿ ಬಿಚ್ಚಬೇಕು. ಅದಕ್ಕೆ ಎರಡು ದಿನಕ್ಕೊಮ್ಮೆ ರೂಮು ಬದಲಿಸುವವರು ಒಳಬಟ್ಟೆ, ಬನಿಯನ್, ಪ್ಯಾಂಟು ಇವನ್ನು ಸುರುಳಿ ಸುತ್ತಿ ನಿಲ್ಲಿಸಿ ಇಡುವುದು ಒಳ್ಳೆಯದು. ಚೀಲ ತೆರೆದರೆ ಎಲ್ಲಾ ಮೇಲಿಂದಲೇ ಕಾಣುತ್ತದೆ. ಸೀರೆಗೆ ಅದರ ಅಂಗಡಿ ಮಡಿಕೆಯೇ ಸರಿ. ಚೀಲದ ಬೆನ್ನಿನ ಕಡೆ ಚಪ್ಪಟೆಯಾಗಿ ಇಟ್ಟರೆ ಬೆನ್ನಿಗೂ ಮೆತ್ತಗೆ.

ಗಾಳಿ ತೆಗೆಯುವ ಪ್ಲಾಸ್ಟಿಕ್ ಚೀಲಕ್ಕೆ ದುಡ್ಡು ಹಾಕಬೇಡಿ. ಅದು ಜಾಗ ಉಳಿಸುತ್ತದೆ, ಭಾರ ಇಳಿಸುವುದಿಲ್ಲ. ಜಾಗ ಸಿಕ್ಕಿತು ಅಂತ ನಾವು ಇನ್ನೆರಡು ಬಟ್ಟೆ ತುರುಕುತ್ತೇವೆ. ಬಟ್ಟೆಯೂ ಮುದ್ದೆಯಾಗಿ ಹೊರಗೆ ಬರುತ್ತದೆ.

ತಿಂಡಿ ಕಟ್ಟುವಾಗ ಒಂದು ಎಚ್ಚರ. ಖಡಕ್ ರೊಟ್ಟಿ ಒಯ್ಯಬಹುದು, ಆದರೆ ಖಾರಪುಡಿಯನ್ನು ವಿಮಾನದ ಕೈಚೀಲದಲ್ಲಿ ಬಿಡುವುದಿಲ್ಲ. ಒಣಕೊಬ್ಬರಿ ಬೇಗ ಬೆಂಕಿ ಹತ್ತುವ ವಸ್ತು ಅಂತ ಅದಕ್ಕೂ ತಡೆ ಇದೆ. ಗುಡಿಗೆ ಅಂತ ಅವ್ವನವರು ಕೊಬ್ಬರಿ ಬಟ್ಟಲು ಇಟ್ಟಿರುತ್ತಾರೆ, ಹೊರಡುವ ಮುಂಚೆ ಮೆಲ್ಲಗೆ ಕೇಳಿ ತೆಗೆಸಿ. ತಪಾಸಣೆಯಲ್ಲಿ ತೆಗೆದಿಟ್ಟರೆ ಅವರಿಗೆ ಬೇಜಾರು ಆಗುತ್ತದೆ ಅಲ್ವಾ.

ಹೊರಡುವ ಮೂರು ದಿನ ಮೊದಲೇ ಚೀಲ ತುಂಬಿ. ಇಬ್ಬರೂ ಹೆಗಲಿಗೆ ಹಾಕಿಕೊಂಡು ಸಿದ್ಧೇಶ್ವರ ಗುಡಿವರೆಗೆ ನಡೆದು ಬನ್ನಿ. ಅವ್ವನವರು ದಾರಿಯಲ್ಲಿ ಹೆಗಲು ಬದಲಿಸಿದರೆ ಚೀಲ ಇನ್ನೂ ಭಾರ ಇದೆ ಅಂತ ತಿಳಿಯಿರಿ. ಮನೆಗೆ ಬಂದು ಒಂದು ಸೀರೆಯನ್ನು ನಿಮ್ಮ ಚೀಲಕ್ಕೆ ಹಾಕಿಕೊಳ್ಳಿ.

ನಿಮ್ಮ ಚೀಲದಲ್ಲಿ ಸ್ವಲ್ಪ ಜಾಗ ಖಾಲಿ ಉಳಿಯಲಿ. ಹರಿದ್ವಾರದಿಂದ ಅವ್ವನವರು ಗಂಗಾಜಲ ತಾರದೆ ಇರುವುದಿಲ್ಲ. ಓಣಿಯ ಮನೆ ಮನೆಗೂ ಒಂದೊಂದು ಉದ್ಧರಣೆಯಾದರೂ ಹಂಚಬೇಕು. ಬರುವುದು ರೈಲಿನಲ್ಲಿ ಆದ್ದರಿಂದ ಅದಕ್ಕೆ ಅಡ್ಡಿ ಇಲ್ಲ. ತಿರುಪಿನ ಮುಚ್ಚಳದ ಸ್ಟೀಲ್ ಬಾಟಲಿ ಒಂದು ಇಲ್ಲಿಂದಲೇ ಒಯ್ಯಿರಿ. ಹೋಗುವಾಗ ಅದರೊಳಗೆ ಒಳಬಟ್ಟೆ ಸುತ್ತಿ ತುಂಬಿದರೆ ಆ ಜಾಗವೂ ಹಾಳಾಗುವುದಿಲ್ಲ. ಬರುವಾಗ ನೀರು ತುಂಬಿ, ತೆಳು ಟವೆಲ್‌ನಲ್ಲಿ ಸುತ್ತಿ, ಬಟ್ಟೆಗಳ ನಡುವೆ ನೆಟ್ಟಗೆ ನಿಲ್ಲಿಸಿ.